ನೌಕರಿಯ ಹೊರಗೆ ಆರೋಗ್ಯ ವಿಮೆ: ಅದರ ಚರಿತ್ರೆ ಮತ್ತು ಇಂದಿನ ಸ್ಥಿತಿ

ರೋಗವು ಮನುಷ್ಯನ ಉದ್ಯೋಗವನ್ನು ವಿಚಾರಿಸಿಕೊಂಡು ಬರತಕ್ಕದ್ದಲ್ಲ. ಆದರೆ ರೋಗದ ವೆಚ್ಚವನ್ನು ಭರಿಸತಕ್ಕ ವಿಮೆಯು ಮಾತ್ರ ನಮ್ಮ ದೇಶದಲ್ಲಿ ಬಹುಕಾಲ ಉದ್ಯೋಗವನ್ನು ವಿಚಾರಿಸಿಕೊಂಡೇ ಬಂದಿದೆ. ಕಾರ್ಖಾನೆಯ ಕಾರ್ಮಿಕನಿಗೆ ಒಂದು ವ್ಯವಸ್ಥೆ, ಸರ್ಕಾರಿ ನೌಕರನಿಗೆ ಇನ್ನೊಂದು, ದೊಡ್ಡ ಕಂಪೆನಿಗಳಲ್ಲಿ ದುಡಿಯುವವರಿಗೆ ಮತ್ತೊಂದು ಉಂಟು. ಇವುಗಳಲ್ಲಿ ಯಾವುದಕ್ಕೂ ಸೇರದವರು, ಎಂದರೆ ಸ್ವಂತ ಅಂಗಡಿಯವರು, ವಕೀಲರು, ಖಾಸಗಿ ಸಂಸ್ಥೆಗಳಿಂದ ನಿವೃತ್ತರಾದವರು, ನಮ್ಮ ಕಾಲೇಜುಗಳಲ್ಲಿಯೇ ವರ್ಷವರ್ಷಕ್ಕೂ ನೇಮಕಗೊಳ್ಳುವ ಅತಿಥಿ ಉಪನ್ಯಾಸಕರು, ತಮ್ಮ ವಿಮೆಯನ್ನು ತಾವೇ ಹುಡುಕಿಕೊಳ್ಳಬೇಕಾಗಿದೆ. ಈ ಪರಿಸ್ಥಿತಿ ಹೇಗೆ ಉಂಟಾಯಿತು, ಹೊರಗುಳಿದವನಿಗೆ ಇಂದು ಯಾವ ಮಾರ್ಗಗಳಿವೆ, ಆತನು ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಅನಾರೋಗ್ಯ ವಿಮೆಯನ್ನು ಕೂಲಿಯೊಡನೆ ಕಟ್ಟಿಹಾಕಿದ ಮೊದಲ ದೊಡ್ಡ ಶಾಸನವು 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ ಅಂಗೀಕೃತವಾಯಿತು. ವಂತಿಗೆಯ ಮೂರರಲ್ಲಿ ಎರಡು ಪಾಲನ್ನು ಕಾರ್ಮಿಕನೂ ಒಂದು ಪಾಲನ್ನು ಮಾಲೀಕನೂ ಕೊಡುವುದೆಂದು ಅದು ವಿಧಿಸಿತು. 1911ರಲ್ಲಿ ಇಂಗ್ಲೆಂಡು ಇದೇ ದಾರಿಯನ್ನು ಹಿಡಿಯಿತು. ಕೂಲಿ ಕೊಡುವ ಕಡೆಯಲ್ಲಿಯೇ ವಂತಿಗೆಯನ್ನು ಮುರಿದುಕೊಳ್ಳುವುದು ಸುಲಭವಾದುದರಿಂದ ಈ ಪದ್ಧತಿ ಎಲ್ಲೆಡೆಯೂ ಹರಡಿತು. ಕೂಲಿಯ ಪಟ್ಟಿಯಲ್ಲಿ ಹೆಸರಿಲ್ಲದವನು ಹೊರಗುಳಿಯುವುದೂ ಆಗಲೇ ನಿಶ್ಚಯವಾಯಿತು.

ನಮ್ಮಲ್ಲಿಯೂ ಇದೇ ನಡೆಯಿತು. 1891ರಲ್ಲಿ ಮೈಸೂರು ಸಂಸ್ಥಾನವು ಜೀವವಿಮೆಯ ಏರ್ಪಾಡನ್ನು ಮಾಡಿದಾಗ ಅದು ಸಂಸ್ಥಾನದ ನೌಕರರಿಗಾಗಿಯೇ ಆರಂಭವಾಯಿತು. ಆರೋಗ್ಯ ವಿಮೆಯ ವಿಷಯದಲ್ಲಿ 1944ರಲ್ಲಿ ಪ್ರೊ. ಬಿ. ಪಿ. ಅಡಾರಕರ್ ಅವರು ಸಲ್ಲಿಸಿದ ವರದಿಯು ಕೈಗಾರಿಕಾ ಕಾರ್ಮಿಕರನ್ನು ಕುರಿತದ್ದು. ಅದರ ಫಲವಾಗಿ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂದು, 1952ರ ಫೆಬ್ರುವರಿ 24ರಂದು ಕಾನಪುರದಲ್ಲಿ ನೆಹರೂ ಅವರಿಂದ ಯೋಜನೆ ಉದ್ಘಾಟಿತವಾಯಿತು. ಕೇಂದ್ರ ಸರ್ಕಾರದ ನೌಕರರಿಗೆ 1954ರಲ್ಲಿ ಪ್ರತ್ಯೇಕ ಯೋಜನೆ ಏರ್ಪಟ್ಟಿತು. ಹೊರಗಿನ ಸಾಮಾನ್ಯ ಮನುಷ್ಯನು ಹಣ ಕೊಟ್ಟು ಕೊಳ್ಳಬಹುದಾದ ‘ಮೆಡಿಕ್ಲೇಮ್’ ಎಂಬ ಪಾಲಿಸಿಯನ್ನು ಸರ್ಕಾರಿ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪೆನಿಗಳು ಹೊರತಂದುದು 1986ರಲ್ಲಿ. ಕಾರ್ಮಿಕರ ಯೋಜನೆಗೂ ಇದಕ್ಕೂ ನಡುವೆ ಮೂವತ್ತನಾಲ್ಕು ವರ್ಷಗಳ ಅಂತರವುಂಟು. 1999ರ ಕಾಯಿದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಗಿ, ಮುಂದಿನ ವರ್ಷ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆಯಿತು.

ಸಮೂಹದ ವಿಮೆಗೂ ವ್ಯಕ್ತಿಯ ವಿಮೆಗೂ ಇರುವ ಮೂಲಭೇದವನ್ನು ತಿಳಿಯದೆ ಮುಂದಿನ ವಿಷಯವು ಸ್ಪಷ್ಟವಾಗಲಾರದು. ಒಂದು ಕಂಪೆನಿಯ ಸಾವಿರ ಮಂದಿ ನೌಕರರನ್ನು ಒಟ್ಟಿಗೆ ವಿಮೆಗೆ ಸೇರಿಸಿದಾಗ ಅವರಲ್ಲಿ ಆರೋಗ್ಯವಂತರೂ ರೋಗಿಗಳೂ ತಾವಾಗಿಯೇ ಬೆರೆತಿರುತ್ತಾರೆ. ಅವರು ಸೇರಿದ್ದು ಕೆಲಸಕ್ಕಾಗಿ, ವಿಮೆಗಾಗಿ ಅಲ್ಲ. ಆದ ಕಾರಣ ಹಳೆಯ ರೋಗಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಕೊಡುವುದು ಸಮೂಹ ಪಾಲಿಸಿಗಳಲ್ಲಿ ಸಾಮಾನ್ಯ. ಒಬ್ಬನೇ ಬಂದು ಪಾಲಿಸಿಯನ್ನು ಕೇಳುವವನ ವಿಷಯದಲ್ಲಾದರೋ, ರೋಗದ ಸುಳಿವು ಕಂಡ ಮೇಲೆ ಬಂದಿರಬಹುದೆಂಬ ಸಂದೇಹಕ್ಕೆ ಆಸ್ಪದವಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವರಿಗೆಲ್ಲ ನೀರು ಕೊಟ್ಟರೆ ಬಾವಿಯೇ ಬತ್ತೀತು. ಆದುದರಿಂದ ಕಂಪೆನಿಗಳು ಪ್ರಶ್ನಾವಳಿ, ವೈದ್ಯ ಪರೀಕ್ಷೆ, ಕಾಯುವ ಅವಧಿ ಎಂಬ ಮೂರು ತಡೆಗಳನ್ನು ಇರಿಸಿವೆ. ಅಪಘಾತವನ್ನುಳಿದು ಮೊದಲ 30 ದಿನಗಳ ಕಾಯಿಲೆಗೆ ಸಾಮಾನ್ಯವಾಗಿ ಹಣ ದೊರೆಯದು. ಕಣ್ಣಿನ ಪೊರೆ, ಹರ್ನಿಯಾ ಮೊದಲಾದ ಗೊತ್ತುಪಡಿಸಿದ ಕಾಯಿಲೆಗಳಿಗೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಪಾಲಿಸಿಗೆ ಮೊದಲೇ ಇದ್ದ ರೋಗಗಳಿಗೆ ಹಿಂದೆ 48 ತಿಂಗಳವರೆಗೆ ಕಾಯಿಸಬಹುದಾಗಿತ್ತು. 2024ರ ಏಪ್ರಿಲ್‌ನಿಂದ ಈ ಮಿತಿಯನ್ನು 36 ತಿಂಗಳಿಗೆ ಇಳಿಸಲಾಯಿತು.

ಈ ನಿಯಮಗಳು ಕಾಗದದ ಮೇಲೆ ಕಾಣುವಷ್ಟು ನಿರುಪದ್ರವಿಗಳಲ್ಲವೆಂಬುದಕ್ಕೆ ಈ ಲೇಖಕನ ಮನೆಯಲ್ಲಿಯೇ ನಿದರ್ಶನವಿದೆ. ನನ್ನ ತಂದೆಯವರು ಒಂದು ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದು 2019ರಲ್ಲಿ ನಿವೃತ್ತರಾದರು. ಅವರಿಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಮೊದಲಿನಿಂದ ಇದ್ದುವು. ಕಾರ್ಖಾನೆಯ ಸಮೂಹ ಪಾಲಿಸಿಯಲ್ಲಿ ಇವುಗಳಿಗೂ ರಕ್ಷಣೆಯಿತ್ತು. ಹಾರ ಹಾಕಿ ಬೀಳ್ಕೊಟ್ಟ ದಿನವೇ ಆ ರಕ್ಷಣೆಯೂ ಮುಗಿಯಿತೆಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ; ನಾವೂ ಕೇಳಲಿಲ್ಲ. ಮೂರು ತಿಂಗಳ ಮೇಲೆ ಬೇರೊಂದು ಪಾಲಿಸಿಯನ್ನು ಹೊಸದಾಗಿ ಕೊಂಡೆವು. ಎರಡು ವರ್ಷ ಕಳೆಯುವುದರೊಳಗೆ ಹೃದಯದ ಶಸ್ತ್ರಚಿಕಿತ್ಸೆ ಅಗತ್ಯವಾಯಿತು. ಹಳೆಯ ರೋಗಗಳಿಂದ ಬಂದದ್ದೆಂಬ ಕಾರಣದಿಂದ ಕ್ಲೇಮನ್ನು ನಿರಾಕರಿಸಲಾಯಿತು. ಪಾಲಿಸಿಯ ಷರತ್ತಿನಲ್ಲಿ ಹಾಗೆಯೇ ಬರೆದಿದ್ದುದರಿಂದ ನಾವು ಹೇಳುವಂತಿರಲಿಲ್ಲ. ತಂದೆಯವರು ಗುಣಮುಖರಾದರು, ಆದರೆ ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ನಿವೇಶನವು ಪರರ ಪಾಲಾಯಿತು.

ನಮಗೆ ತಿಳಿಯದೆ ಹೋದ ಸಂಗತಿ ಇಷ್ಟೆ. 2011ರ ಅಕ್ಟೋಬರಿನಿಂದ ಪಾಲಿಸಿಯ ವರ್ಗಾವಣೆಗೆ ನಮ್ಮ ದೇಶದಲ್ಲಿ ಅವಕಾಶವಿದೆ. ಸಮೂಹ ಪಾಲಿಸಿಯಲ್ಲಿದ್ದವನು ಅದನ್ನು ಬಿಡುವಾಗ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ, ಆ ಕಂಪೆನಿಯ ಪರಿಶೀಲನೆಗೆ ಒಳಪಟ್ಟು, ಸಾಗಬಹುದು. ಹಾಗೆ ಸಾಗಿದಾಗ ಸಮೂಹದಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ಅನಂತರ ಬೇಕಾದರೆ ಬೇರೆ ಕಂಪೆನಿಗೂ ಹೋಗಬಹುದು. ಈ ಲಾಭವು ಸರಪಳಿ ಕಡಿಯದಿರುವವನಿಗೆ ಮಾತ್ರ. ಆದ ಕಾರಣ ನಿವೃತ್ತಿಯಾಗುವವರು, ಕೆಲಸ ಬಿಡುವವರು ಕೊನೆಯ ದಿನಕ್ಕೆ ಸುಮಾರು ಎರಡು ತಿಂಗಳ ಮೊದಲೇ ಸಮೂಹ ಪಾಲಿಸಿಯ ಪ್ರತಿಯನ್ನು ಪಡೆದು ವಿಮಾ ಕಂಪೆನಿಗೆ ಬರೆದುಕೊಳ್ಳುವುದು ಕ್ಷೇಮಕರ. ನೌಕರಿಯಲ್ಲಿರುವಾಗಲೇ ಸಣ್ಣ ಮೊತ್ತದ ಸ್ವಂತ ಪಾಲಿಸಿಯೊಂದನ್ನು ನಡೆಸಿಕೊಂಡು ಬರುವುದು ಇದಕ್ಕಿಂತಲೂ ಮೇಲು.

ಪಾಲಿಸಿಯನ್ನು ಆರಿಸುವಾಗ ಜನರು ಮೊದಲು ನೋಡುವುದು ಪ್ರೀಮಿಯಮ್ಮನ್ನೂ ವಿಮಾ ಮೊತ್ತವನ್ನೂ. ಕಷ್ಟವು ಅಡಗಿರುವುದು ಉಳಿದ ಷರತ್ತುಗಳಲ್ಲಿ. ಕೊಠಡಿ ಬಾಡಿಗೆಯ ಮಿತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 3 ಲಕ್ಷ ರೂಪಾಯಿಗಳ ಪಾಲಿಸಿಯಲ್ಲಿ ದಿನಕ್ಕೆ ಶೇಕಡಾ 1, ಎಂದರೆ 3,000 ರೂಪಾಯಿ, ಬಾಡಿಗೆಯ ಮಿತಿಯಿದೆಯೆನ್ನಿ. ರೋಗಿಯು 6,000 ರೂಪಾಯಿಯ ಕೊಠಡಿಯಲ್ಲಿ ನಾಲ್ಕು ದಿನ ಇದ್ದನೆಂದು ಭಾವಿಸೋಣ. ಬಾಡಿಗೆ 24,000, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕ 1,20,000, ಔಷಧಿ, ಪರೀಕ್ಷೆ ಮೊದಲಾದುವು 80,000, ಒಟ್ಟು 2,24,000 ರೂಪಾಯಿ. ಕೊಠಡಿಯ ದರ್ಜೆಗನುಸಾರವಾಗಿ ಶುಲ್ಕ ವಿಧಿಸುವ ಆಸ್ಪತ್ರೆಯಾದರೆ ಬಾಡಿಗೆಯಲ್ಲಿ ಅರ್ಧ ಕಡಿತವಾಗುವುದಲ್ಲದೆ ವೈದ್ಯರ ಶುಲ್ಕದಲ್ಲಿಯೂ ಅದೇ ಪ್ರಮಾಣದಲ್ಲಿ ಅರ್ಧ ಕಡಿತವಾಗುತ್ತದೆ. ಔಷಧಿ, ಪರೀಕ್ಷೆಗಳಿಗೆ ಈ ಕಡಿತವಿಲ್ಲ. ಹೀಗೆ ದೊರೆಯತಕ್ಕದ್ದು 1,52,000; ಕೈಯಿಂದ ಕೊಡತಕ್ಕದ್ದು 72,000. ಬಿಲ್ಲು ವಿಮಾ ಮೊತ್ತಕ್ಕಿಂತ ಕಡಿಮೆಯಿದ್ದರೂ ಇಷ್ಟು ಹಣ ಹೊರಬಿತ್ತು. ಆಸ್ಪತ್ರೆಗೆ ಸೇರುವ ಗಳಿಗೆಯಲ್ಲಿ ಈ ಲೆಕ್ಕವನ್ನು ಹಾಕುವ ಸಮಾಧಾನ ಯಾರಿಗೂ ಇರುವುದಿಲ್ಲ. ಪಾಲಿಸಿ ಕೊಳ್ಳುವಾಗಲೇ ಹಾಕಬೇಕು.

ಇದರಂತೆಯೇ ಪ್ರತಿ ಬಿಲ್ಲಿನಲ್ಲಿಯೂ ವಿಮೆದಾರನು ಕೊಡಬೇಕಾದ ಪಾಲೆಷ್ಟು, ನಗದಿಲ್ಲದೆ ಚಿಕಿತ್ಸೆ ಕೊಡುವ ಆಸ್ಪತ್ರೆ ತನ್ನ ಊರಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. ಷರತ್ತುಗಳನ್ನು ಹೋಲಿಸಿ ನೋಡಲು 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿಯು ಉಪಯುಕ್ತವಾದ ಅಳತೆಗೋಲು. ಅದರ ಒಕ್ಕಣೆ ಎಲ್ಲ ಕಂಪೆನಿಗಳಲ್ಲಿಯೂ ಒಂದೇ. ವಿಮೆದಾರನ ಪಾಲು ಶೇಕಡಾ 5. ಪಾಲಿಸಿ ಕೈಗೆ ಬಂದ ಮೇಲೆ ಓದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂತಿರುಗಿಸುವ ಹಕ್ಕೂ 2024ರ ನಿಯಮಗಳಿಂದ ದೊರೆತಿದೆ.

ಪ್ರಸ್ತಾಪಪತ್ರದಲ್ಲಿ ಹಳೆಯ ಕಾಯಿಲೆಗಳನ್ನು ಮುಚ್ಚಿಡುವುದು ದೊಡ್ಡ ತಪ್ಪು. ಏಜೆಂಟರೇ ಪತ್ರವನ್ನು ತುಂಬಿ, ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಬರೆದು, ಸಹಿಯನ್ನು ಮಾತ್ರ ಕೇಳುವುದುಂಟು. ಆ ಒಂದು ‘ಇಲ್ಲ’ವು ಮುಂದೆ ಇಡೀ ಪಾಲಿಸಿಯನ್ನೇ ಇಲ್ಲವಾಗಿಸಬಲ್ಲದು. ಐದು ವರ್ಷ, ಎಂದರೆ 60 ತಿಂಗಳು, ಎಡೆಬಿಡದೆ ನಡೆದ ಪಾಲಿಸಿಯಲ್ಲಿ ವಂಚನೆಯು ರುಜುವಾತಾದ ಹೊರತು ಮುಚ್ಚಿಟ್ಟ ಸಂಗತಿಯ ನೆಪದಿಂದ ಕ್ಲೇಮನ್ನು ತಳ್ಳಿಹಾಕುವಂತಿಲ್ಲವೆಂಬ ರಕ್ಷಣೆಯಿದೆ. ಆದರೂ ಅದನ್ನು ನೆಚ್ಚಿ ಸುಳ್ಳು ಬರೆಯುವುದು ವಿವೇಕವಲ್ಲ. ಕಂಪೆನಿಯ ತೀರ್ಮಾನವು ಅನ್ಯಾಯವೆಂದು ತೋರಿದಾಗ ಮೊದಲು ಕಂಪೆನಿಗೇ ಲಿಖಿತ ದೂರನ್ನು ಕೊಟ್ಟು, ಒಂದು ತಿಂಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ವಿಮಾ ಓಂಬಡ್ಸ್‌ಮನ್ನರಲ್ಲಿಗೆ ಹೋಗಬಹುದು. ಇವರ ಕಚೇರಿಯೊಂದು ಬೆಂಗಳೂರಿನಲ್ಲಿದೆ. ಇದಕ್ಕೆ ವಕೀಲರ ಅಗತ್ಯವಿಲ್ಲ.

ಪ್ರೀಮಿಯಮ್ಮಿನ ಭಾರವು ವಯಸ್ಸಿನೊಡನೆ ಏರುವುದು ಈ ವ್ಯವಸ್ಥೆಯ ನಿಜವಾದ ನೋವು. 2025ರ ಜನವರಿಯಲ್ಲಿ ಪ್ರಾಧಿಕಾರವು ಹಿರಿಯ ನಾಗರಿಕರ ಪ್ರೀಮಿಯಮ್ಮನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು ಆಜ್ಞೆಮಾಡಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ತೆರಿಗೆಯು ರದ್ದಾಯಿತು. ಇವು ಸ್ವಾಗತಾರ್ಹ; ಆದರೆ ಅಲ್ಪ ಸಂಪಾದನೆಯವರಿಗೆ ಇಷ್ಟರಿಂದಲೇ ವಿಮೆಯು ಕೈಗೆಟುಕೀತೆಂದು ಹೇಳಲಾಗದು.

ಈ ಸಂದರ್ಭದಲ್ಲಿ ಕರ್ನಾಟಕದ ಅನುಭವವೊಂದು ಚರಿತ್ರೆಯ ವಿದ್ಯಾರ್ಥಿಗೆ ಗಮನಾರ್ಹ. 2003ರಲ್ಲಿ ಆರಂಭವಾದ ‘ಯಶಸ್ವಿನಿ’ ಯೋಜನೆಯು ಮಾಲೀಕನಿಲ್ಲದ ರೈತನಿಗೆ ಸಹಕಾರ ಸಂಘವನ್ನೇ ಸಮೂಹವನ್ನಾಗಿ ಮಾಡಿತು. ಆರಂಭದಲ್ಲಿ ಸದಸ್ಯನ ವಂತಿಗೆ ವರ್ಷಕ್ಕೆ 60 ರೂಪಾಯಿ. ಅದರಿಂದ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ರಕ್ಷಣೆ. 2018ರಲ್ಲಿ ಇದನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಸಲಾಯಿತು, ಬೇಡಿಕೆ ಬಂದುದರಿಂದ 2022-23ರಲ್ಲಿ ಮತ್ತೆ ಪ್ರತ್ಯೇಕವಾಗಿ ಆರಂಭಿಸಲಾಯಿತು. ಹೊಲದಲ್ಲಿ ಕೂಲಿಯ ಪಟ್ಟಿಯಿಲ್ಲ. ಆದರೆ ಸಂಘದ ಸದಸ್ಯರ ಪಟ್ಟಿಯಿತ್ತು. ಅದೇ ಸಾಕಾಯಿತು.

ಒಟ್ಟಿನಲ್ಲಿ, ವಿಮೆಯು ನೌಕರಿಗೆ ಅಂಟಿಕೊಂಡಿರುವುದು ಚರಿತ್ರೆಯ ಒಂದು ಸೌಕರ್ಯದಿಂದಲೇ ಹೊರತು ಬೇರೆ ನ್ಯಾಯದಿಂದಲ್ಲ. ಅದನ್ನು ಬಿಡಿಸುವ ಇತರ ಸಮೂಹಗಳು ಹುಟ್ಟುವವರೆಗೆ ಹೊರಗಿರುವವನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬೇಕು: ಆರೋಗ್ಯವಿರುವಾಗಲೇ ಸೇರಬೇಕು, ನಿಜವನ್ನೇ ಬರೆಯಬೇಕು, ಕಂತನ್ನು ತಪ್ಪಿಸಬಾರದು, ನೌಕರಿ ಬಿಡುವ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಸಹೋದ್ಯೋಗಿಗಳಲ್ಲಿ ಈ ವರ್ಷ ನಿವೃತ್ತರಾಗುವವರೂ, ಮುಂದಿನ ವರ್ಷ ಮತ್ತೆ ನೇಮಕವಾದೀತೋ ಇಲ್ಲವೋ ಎಂದು ಕಾದಿರುವವರೂ ಇದನ್ನು ಓದಿ ಒಮ್ಮೆ ತಮ್ಮ ಕಾಗದಪತ್ರಗಳನ್ನು ತೆಗೆದು ನೋಡಿದರೆ ಲೇಖಕನ ಶ್ರಮ ಸಾರ್ಥಕವಾದೀತು.