ಬೇರಿನ ಕಾವಲಿಗೆ ಹಿಂಡು ನೆರೆಯಬೇಕು

ಹಿಪ್ಪುನೇರಳೆಗೆ ಬೇರು ಕೊಳೆ ರೋಗ ಬಾರದಿರಲೆಂದು ಸ್ಯೂಡೊಮೊನಾಸ್ ಪುಡಿ ಹಾಕುತ್ತೇವೆ. ಶಿಲೀಂಧ್ರ ಕೊಲ್ಲುವ ಮದ್ದನ್ನು ಯಾವಾಗ ತಯಾರಿಸಬೇಕೆಂದು ಆ ಬ್ಯಾಕ್ಟೀರಿಯಾಕ್ಕೆ ಹೇಗೆ ತಿಳಿಯುತ್ತದೆ?
— ಓದುಗರು, ಹೊಂಗನೂರು, ಚನ್ನಪಟ್ಟಣ ತಾಲ್ಲೂಕು

ತನ್ನ ಬಳಗ ಎಷ್ಟು ದೊಡ್ಡದೆಂದು ಅಳೆದು ನೋಡುವುದರಿಂದ. ಸ್ಯೂಡೊಮೊನಾಸ್‌ನ ಕೆಲವು ತಳಿಗಳಲ್ಲಿ ಪ್ರತಿ ಜೀವಕೋಶವೂ ಒಂದು ಸಂಕೇತದ ಅಣುವನ್ನು ಸ್ವಲ್ಪ ಸ್ವಲ್ಪವೇ ಹೊರಬಿಡುತ್ತದೆ. ಹಿಂಡು ಚಿಕ್ಕದಿದ್ದರೆ ಆ ಅಣು ಮಣ್ಣಿನ ತೇವದಲ್ಲಿ ಚದುರಿಹೋಗುತ್ತದೆ. ಬೇರು ಒಸರುವ ಸಕ್ಕರೆ ಉಂಡು ಹಿಂಡು ಬೆಳೆದಂತೆ ಅಣುಗಳು ದಟ್ಟವಾಗಿ ಜೀವಕೋಶದೊಳಗೂ ತುಂಬುತ್ತವೆ. ಅಲ್ಲಿರುವ ಒಂದು ಪ್ರೋಟೀನು ಅವನ್ನು ಹಿಡಿದು ಮದ್ದಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ಫೆನಜಿನ್ ಎಂಬ ಶಿಲೀಂಧ್ರನಾಶಕ ತಯಾರಾಗುತ್ತದೆ.

ನಾಲ್ಕು ಜನ ಹಗ್ಗ ಹಿಡಿದರೆ ತೇರು ಕದಲುವುದಿಲ್ಲ. ಊರು ನೆರೆದ ಮೇಲೆಯೇ ಎಳೆಯುತ್ತಾರೆ. ಒಂಟಿ ಜೀವಕೋಶ ಮದ್ದು ಮಾಡಿದರೂ ಅದರ ಶಕ್ತಿ ಪೋಲು, ಅಷ್ಟೆ.

ನನಗೆ ಅತ್ಯಂತ ಸೋಜಿಗವೆನಿಸುವುದು ಅಮೆರಿಕದ ಗೋಧಿ ಬೇರುಗಳ ಮೇಲೆ 1990ರ ದಶಕದಲ್ಲಿ ಕಂಡುಬಂದ ಸಂಗತಿ. ಸಂಕೇತ ತಯಾರಿಸಲಾರದ ತಳಿಯೊಂದು, ನೆರೆಯ ಬ್ಯಾಕ್ಟೀರಿಯಾಗಳು ಬಿಟ್ಟ ಸಂಕೇತ ಸಿಕ್ಕೊಡನೆ ಮತ್ತೆ ಫೆನಜಿನ್ ಮಾಡತೊಡಗಿತು!

ಅಂಗಡಿಯ ಪುಡಿಯ ಎಲ್ಲ ತಳಿಗಳೂ ಫೆನಜಿನ್ ಮಾಡುವುದಿಲ್ಲ. ಬೇರೆ ಮದ್ದು ಮಾಡುವವೂ ಇವೆ. ಪುಡಿ ಯಾವುದೇ ಆಗಿರಲಿ, ಒಣಮಣ್ಣಿಗೆ ಎರಚಬೇಡಿ. ತೇವವಿರುವ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬೇರಿನ ಹತ್ತಿರವೇ ಹಾಕಿ, ಹಿಂಡು ಬೇಗ ಬೆಳೆಯುತ್ತದೆ.