ದಪ್ಪಕ್ಷರಕ್ಕೆ ಒತ್ತಿನ ಇಕ್ಕಟ್ಟು

ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ. ಬೋರ್ಡಿಗೆಂದು ಮಾಡಿದ ದಪ್ಪಕ್ಷರದ ಕನ್ನಡ ಫಾಂಟ್ ಎಷ್ಟು ಗಟ್ಟಿ ಎಂದು ನೋಡಲು ಈ ನಾಲ್ಕು ಹೆಸರು ಸಾಕು. ಮೊದಲೆರಡರಲ್ಲಿ ಒಂದೂ ಒತ್ತಕ್ಷರವಿಲ್ಲ. ಎಷ್ಟು ದಪ್ಪ ಮಾಡಿದರೂ ಸುಮಾರಾಗಿ ತಡೆದುಕೊಳ್ಳುತ್ತವೆ. ಕೊನೆಯ ಎರಡರಲ್ಲಿ ಎರಡೆರಡು ಒತ್ತು. ಫಾಂಟಿನ ಬಂಡವಾಳ ಬಯಲಾಗುವುದು ಅಲ್ಲೇ.

ದೂರದಿಂದಲೇ ಕಣ್ಣು ಸೆಳೆಯುವ ಭಾರೀ ಅಚ್ಚಕ್ಷರಗಳು ಹುಟ್ಟಿದ್ದು 19ನೇ ಶತಮಾನದ ಆರಂಭದ ಲಂಡನ್ನಿನಲ್ಲಿ, ಗೋಡೆಗೆ ಅಂಟಿಸುವ ಜಾಹೀರಾತಿಗಾಗಿ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಗೆರೆ ಉಬ್ಬಿಸಿದರೆ ಅಕ್ಷರ ಅಡ್ಡಕ್ಕೆ ಹಿಗ್ಗುತ್ತದೆ, ಕೆಲಸ ಮುಗಿಯಿತು. ಕನ್ನಡಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಬಸ್ಸಿನ ಬೋರ್ಡಿನ ಎತ್ತರ ಮಾತ್ರ ಯಾವ ಊರಿಗೂ ಬದಲಾಗದು. ಹಾಗಾಗಿ ಒತ್ತಿರುವ ಊರಿನ ಅಕ್ಷರಗಳನ್ನೆಲ್ಲ ಕುಗ್ಗಿಸಬೇಕು, ಇಲ್ಲವೇ ಒತ್ತನ್ನು ಹಿಂಡಬೇಕು.

ಹಿಂಡಿದರೆ ಏನಾಗುತ್ತದೆ? ‘ಟ್ಟ’ ನೋಡಿ. ಕೆಳಗಿನದು ಪುಟ್ಟ ಟ. ಅದರ ಹೊಟ್ಟೆಯೊಳಗಿನ ಖಾಲಿ ಜಾಗವೇ ಅದರ ಗುರುತು. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಹೆಚ್ಚುಕಡಿಮೆ ಒಂದು ಡಿಗ್ರಿಯ 60ನೇ ಒಂದು ಭಾಗ. ಲೆಕ್ಕ ಹಾಕಿದರೆ 60 ಮೀಟರ್ ದೂರದಲ್ಲಿ ಅದು ಸುಮಾರು 17 ಮಿಲಿಮೀಟರ್. ಒತ್ತಿನೊಳಗಿನ ಬಿಳುಪು 10 ಮಿಲಿಮೀಟರ್ ಇದ್ದರೆ ಬಸ್ಸು ಸುಮಾರು 34 ಮೀಟರ್ ಹತ್ತಿರ ಬರುವವರೆಗೆ ಅದೊಂದು ಕಪ್ಪು ಉಂಡೆ. ಗೆರೆ ದಪ್ಪವಾದಷ್ಟೂ ಈ ಬಿಳುಪು ಕಿರಿದಾಗುತ್ತದೆ. ಚೆನ್ನಾಗಿ ಕಾಣಲೆಂದು ದಪ್ಪ ಮಾಡಿಸಿ, ಕಾಣದಂತೆ ಮಾಡಿಕೊಂಡ ಬೋರ್ಡುಗಳಿಗೆ ನಮ್ಮಲ್ಲಿ ಬರವಿಲ್ಲ.

ಬಲ್ಲ ವಿನ್ಯಾಸಕರು ಅದಕ್ಕೇ ಕಣ್ಣಿಗೆ ಸಣ್ಣ ಸಣ್ಣ ಮೋಸ ಮಾಡುತ್ತಾರೆ. ಒತ್ತಿನ ಗೆರೆಯನ್ನು ಮೇಲಿನ ಅಕ್ಷರದ ಗೆರೆಗಿಂತ ತುಸು ತೆಳುವಾಗಿಸುತ್ತಾರೆ. ಎರಡು ಗೆರೆ ಸೇರುವ ಮೂಲೆಯಲ್ಲಿ ಚೂರು ಕೆತ್ತಿ ಬೆಳಕು ಬಿಡುತ್ತಾರೆ. ಒತ್ತನ್ನು ಬಲಕ್ಕೆ ಸರಿಸುತ್ತಾರೆ. ಅಳೆದರೆ ಒಂದೂ ಸಮವಿಲ್ಲ, ನೋಡಿದರೆ ಎಲ್ಲವೂ ಸಮ. ಮುಂಬಯಿಯ ಏಕ್ ಟೈಪ್ ಬಳಗದ ‘ಬಾಲೂ ತಮ್ಮ’ ಇಂಥದ್ದೊಂದು ಗುಂಡಗಿನ ದಪ್ಪ ಫಾಂಟ್ (ತೆಲುಗಿನಲ್ಲಿ ಅದು ‘ತಮ್ಮುಡು’, ಗಡಿ ತಾಲ್ಲೂಕುಗಳಲ್ಲಿ ಇಬ್ಬರಿಗೂ ಕೆಲಸವುಂಟು). ಅದೇ ಬಳಗ 2022ರಲ್ಲಿ ಹೊರತಂದ ‘ಅನೇಕ್’ನಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ತಿರುಗಿಸಿಕೊಳ್ಳಬಹುದು: ದಪ್ಪ 100ರಿಂದ 800, ಅಗಲ 75ರಿಂದ 125. ಉದ್ದದ ‘ಚಿಕ್ಕಬಳ್ಳಾಪುರ’ವನ್ನು ಎತ್ತರ ಕಳೆಯದೆ ಉದ್ದ ಸಾಲದ ಹಲಗೆಗೆ ಕೂರಿಸಲು ಇದು ದೊಡ್ಡ ಅನುಕೂಲ. ಎರಡೂ ಪುಕ್ಕಟೆ ಸಿಗುತ್ತವೆ.

ಇನ್ನು ಸ್ಟಿಕರ್ ಕಟಿಂಗ್ ಯಂತ್ರದ ಪಾಡು. ನಾವು ರೇಡಿಯಂ ಎನ್ನುವ ಹಾಳೆಯ ಮೇಲೆ ಅದರ ಬ್ಲೇಡು ಅಕ್ಷರದ ಅಂಚಿನ ಗೆರೆಯನ್ನಷ್ಟೇ ಹಿಡಿದು ಓಡುತ್ತದೆ. ಒಳಗೆ ಬಣ್ಣ ತುಂಬಿದೆಯೋ ಇಲ್ಲವೋ ಅದಕ್ಕೆ ಬೇಡ. ಫಾಂಟಿನೊಳಗೆ ಕ ಒಂದು ಆಕೃತಿ, ಅದರ ಒತ್ತು ಇನ್ನೊಂದು. ದಪ್ಪ ಹೆಚ್ಚಾಗಿ ಇವೆರಡೂ ಒಂದರ ಮೇಲೊಂದು ಬಿದ್ದರೆ ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಬ್ಲೇಡು ಮಾತ್ರ ಎರಡೂ ಅಂಚುಗಳನ್ನು ನಿಷ್ಠೆಯಿಂದ ಕೊಯ್ಯುತ್ತದೆ. ಬೇಡದ ಹಾಳೆ ಕೀಳುವಾಗ ‘ಕ್ಕ’ದ ನಡುವಿನ ಚೂರು ಎದ್ದು ಬರುತ್ತದೆ. ಕೋರೆಲ್ ಡ್ರಾದಲ್ಲಿ ಮೊದಲೇ ‘ವೆಲ್ಡ್’ ಕೊಟ್ಟು ಎರಡನ್ನೂ ಬೆಸೆದರೆ ಈ ತಾಪತ್ರಯವಿಲ್ಲ. ಆಗಲೂ ಅಕ್ಷರಕ್ಕೂ ಒತ್ತಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿದ್ದರೆ ಆ ಎಳೆಯನ್ನು ಕೀಳುವ ಹುಡುಗನ ಉಗುರೇ ಗತಿ.

2024ರ ತಿದ್ದುಪಡಿ ಕಾಯ್ದೆಯಿಂದ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ. ಜಾಗವೇನೋ ಸಿಕ್ಕಿತು. ಆ ಜಾಗದ ತುಂಬ ಗೆರೆ ಉಬ್ಬಿಸುವುದು ದುಡುಕು ಎಂದೇ ನನ್ನ ಎಣಿಕೆ. ಅಂಗಡಿಯವರು ಫಾಂಟ್ ಆರಿಸುವಾಗ ‘ಶಿಡ್ಲಘಟ್ಟ’ ಎಂದು ಬರೆಸಿ, ಹಾಳೆಯನ್ನು ರಸ್ತೆಯ ಆಚೆ ಬದಿಗೆ ಹಿಡಿಸಿ ನೋಡಲಿ. ‘ಡ್ಲ’ ಓದಲು ಬಂದರೆ ದುಡ್ಡು ಕೊಡಬಹುದು.