ಯಾರೂ ಅಟ್ಟದ ಓಟ

ಅರ್ಧ ಮ್ಯಾರಥಾನ್ ಎಂಬ ಓಟದ ಅಳತೆ ೨೧ ಕಿಲೋಮೀಟರು, ೯೭ ಮೀಟರು, ೫೦ ಸೆಂಟಿಮೀಟರು. ಬುದ್ಧಿಯಿರುವವನು ಯಾವನೂ ಕುಳಿತು ಯೋಚಿಸಿ ಇಂಥದೊಂದು ಸಂಖ್ಯೆಯನ್ನು ಕಂಡುಹಿಡಿಯಲಾರ. ೧೯೦೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಟವು ವಿಂಡ್ಸರ್ ಅರಮನೆಯ ಬಳಿ ಹೊರಟು, ಕ್ರೀಡಾಂಗಣದಲ್ಲಿ ರಾಜಪರಿವಾರದವರು ಕುಳಿತ ಕಡೆಗೆ ಬಂದು ಮುಗಿಯುವಂತೆ ಏರ್ಪಾಡಾಯಿತು. ಆ ದೂರ ೨೬ ಮೈಲಿ ೩೮೫ ಗಜವಾಯಿತು. ೧೯೨೧ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಅದನ್ನೇ ಲೋಕಕ್ಕೆಲ್ಲ ನಿಯಮವಾಗಿ ಮಾಡಿತು. ಅದರ ಸರಿಯರ್ಧವೇ ಮೇಲೆ ಹೇಳಿದ ವಿಚಿತ್ರ ಸಂಖ್ಯೆ. ಅರಸುಮನೆಯ ಅನುಕೂಲಕ್ಕಾಗಿ ಹುಟ್ಟಿದ ಅಳತೆಯನ್ನು ಇಂದು ಅರಸರೇ ಇಲ್ಲದ ನಾಡುಗಳ ಕಾಲುಗಳೂ ಮರುಮಾತಿಲ್ಲದೆ ಪಾಲಿಸುತ್ತಿವೆ.

ಕುಣಿಗಲಿನಿಂದ ಯಡಿಯೂರಿಗೆ ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಹೊರಡುವ ಮೊದಲು ಕುಣಿಗಲ್ ಕೆರೆಯ ಏರಿಯ ಮೇಲೆ ಒಂದಿಷ್ಟು ಹೋಗಿಬಂದರೆ ಲೆಕ್ಕ ಸರಿಹೋಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಕುಳಿತವನಿಗೆ ಇದು ಒಂದು ತೂಕಡಿಕೆಯ ದೂರ. ಕುಣಿಗಲಿನಲ್ಲಿ ಕಣ್ಣು ಮುಚ್ಚಿದವನು ಕಂಡಕ್ಟರು ಯಡಿಯೂರೆಂದು ಕೂಗುವ ಹೊತ್ತಿಗೆ ಕಣ್ಣುಜ್ಜಿಕೊಂಡು ಕಾಫಿಗೆ ಇಳಿಯುತ್ತಾನೆ. ನಡುವೆ ಎಷ್ಟು ಏರು, ಎಷ್ಟು ಇಳಿಜಾರು, ಎಲ್ಲೆಲ್ಲಿ ತೆಂಗಿನ ತೋಟದ ತಂಪು ರಸ್ತೆಯವರೆಗೆ ಬಂದು ಮುಖಕ್ಕೆ ತಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಬೇರೊಂದು ವಾಹನವನ್ನೇ ನಂಬಬೇಕು.

ಯಡಿಯೂರಿಗೂ ಓಟಕ್ಕೂ ನಂಟು ಕಲ್ಪಿಸುವುದು ಕಷ್ಟವೇ ಸರಿ. ಇದು ನಿಶ್ಚಲತೆಗೆ ಹೆಸರಾದ ನೆಲ. ಸಮೀಪದ ಕಗ್ಗೆರೆಯ ತೋಟದಲ್ಲಿ ಸಿದ್ಧಲಿಂಗ ಯತಿಗಳು ಅಲುಗದೆ ತಪಸ್ಸಿನಲ್ಲಿದ್ದಾಗ ಅವರ ಸುತ್ತ ಹುತ್ತವೇ ಬೆಳೆಯಿತೆಂದು ಐತಿಹ್ಯ. ಅವರು ತೋಂಟದ ಸಿದ್ಧಲಿಂಗರಾದದ್ದು ಹಾಗೆ. ಅವರ ಗದ್ದುಗೆಯಿರುವ ಈ ಊರಿಗೆ ಜನ ಬರುವುದು ಒಂದು ಗಳಿಗೆ ಸುಮ್ಮನೆ ಕುಳಿತುಹೋಗಲೆಂದು. ಅಂಥಲ್ಲಿ ಐವತ್ತು ದಾಟಿದ ಉಪಾಧ್ಯಾಯನೊಬ್ಬ ಬೆಳಗಿನ ಐದೂವರೆಗೆ ಚಡ್ಡಿ ತೊಟ್ಟು ಬೀದಿಯಲ್ಲಿ ಓಡತೊಡಗಿದರೆ ಊರು ಸುಮ್ಮನಿರುವುದು ಹೇಗೆ? ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು ಮೊದಲ ದಿನವೇ ಕೇಳಿದರು: ‘ಯಾಕ್ ಮೇಷ್ಟ್ರೇ, ಯಾರಾದ್ರೂ ಅಟ್ಟುಸ್ಕೊಂಡ್ ಬಂದ್ರಾ?’ ಮೂರನೆಯ ದಿನ ಅವರಲ್ಲೇ ಒಬ್ಬರು ನಿದಾನವನ್ನು ಪ್ರಕಟಿಸಿದರು: ‘ಸಕ್ಕರೆ ಕಾಯ್ಲೆ ಇರ್ಬೇಕು, ಪಾಪ.’ ಅಂದಿನಿಂದ ನಗೆ ನಿಂತಿತು, ದಾರಿ ಬಿಟ್ಟುಕೊಡತೊಡಗಿದರು. ರೋಗವೊಂದು ಕಾರಣವಾಗಿ ಸಿಕ್ಕಿದ ಮೇಲೆ ಊರಿಗೆ ಸಮಾಧಾನವಾಯಿತು. ನನಗೆ ಆ ಕಾಯಿಲೆಯಿಲ್ಲವೆಂದು ಹೇಳಿ ಆ ಸಮಾಧಾನವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಊರವರ ಸಂದೇಹದಲ್ಲಿ ಅರ್ಥವಿಲ್ಲದೆ ಇಲ್ಲ. ನಮ್ಮ ನಾಡಿನಲ್ಲಿ ದೊಡ್ಡವರ ಓಟವೆಂದರೆ ಬಹುಮಟ್ಟಿಗೆ ಕೆಲಸದ ಓಟ. ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಸ್ಥಾಪಿಸಿದ ಮೈಸೂರು ಅಂಚೆ, ೧೮೮೯ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಲೀನವಾಗುವವರೆಗೆ, ಎರಡು ಶತಮಾನಗಳಿಗೂ ಮೀರಿ ನೆಚ್ಚಿಕೊಂಡಿದ್ದುದು ಓಡುವವರ ಕಾಲುಗಳನ್ನು. ಇಂದು ಸನ್ಮಾನಸಭೆಗಳಲ್ಲಿ ಯಾರನ್ನು ಬೇಕಾದರೂ ‘ಹರಿಕಾರ’ರೆಂದು ಹೊಗಳುತ್ತೇವೆ; ಶಾಲು ಹೊದಿಸಿಕೊಂಡ ಆ ಮಾತಿನ ಒಳಗೆ, ಚೀಲ ಹೊತ್ತು ಏದುಸಿರು ಬಿಡುತ್ತ ಓಡುತ್ತಿದ್ದ ಬಡವನೊಬ್ಬ ಇದ್ದಾನೆ. ನಮ್ಮ ತಾಲ್ಲೂಕಿನಲ್ಲೇ ಅಂಚೆಪಾಳ್ಯವೆಂಬ ಊರಿದೆ. ಇನ್ನು ಕುಣಿಗಲಂತೂ ಓಟಕ್ಕೆಂದೇ ಹೆಸರಾದ ಊರು. ಆದರೆ ಅಲ್ಲಿ ಓಡುವುದು ಕುದುರೆ. ಟಿಪ್ಪುವಿನ ಕಾಲಕ್ಕೆ ಸಂಬಂಧ ಹೇಳುವ ಅಲ್ಲಿಯ ಅಶ್ವಶಾಲೆ ಮುಂದೆ ಪಂದ್ಯದ ಕುದುರೆಗಳಿಗೆ ಪ್ರಖ್ಯಾತವಾಯಿತು. ಆ ಕುದುರೆಗಳಿಗೆ ಮೇವಿನ ಲೆಕ್ಕವುಂಟು, ವೈದ್ಯರುಂಟು, ಎಷ್ಟು ಓಡಿಸಬೇಕು ಎಷ್ಟು ನಿಲ್ಲಿಸಬೇಕು ಎಂಬ ಶಾಸ್ತ್ರವುಂಟು. ಮನುಷ್ಯರ ಮಕ್ಕಳು ಮಾತ್ರ ಕೇಳಿದ್ದು ಕಂಡದ್ದನ್ನು ನಂಬಿ ಓಡುತ್ತಾರೆ.

ಆ ಮಕ್ಕಳನ್ನು ನೋಡಬೇಕಾದರೆ ಬೆಳಗಿನ ಜಾವ ಯಾವ ಹಳ್ಳಿಯ ಶಾಲೆಯ ಬಯಲಿಗಾದರೂ ಹೋಗಿ. ಇತ್ತೀಚಿನ ವರ್ಷಗಳಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ಗಂಡಸರು ೧೬೦೦ ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಹೆಂಗಸರಿಗೆ ೪೦೦ ಮೀಟರು, ಎರಡು ನಿಮಿಷ. ಹುಡುಗರು ಬೂದಿಯ ಗೆರೆ ಎಳೆದುಕೊಂಡು, ಮೊಬೈಲಿನ ಗಡಿಯಾರ ಒತ್ತಿ, ಮೊದಲ ಸುತ್ತಿನಲ್ಲಿಯೇ ಪ್ರಾಣವನ್ನೆಲ್ಲ ಸುರಿದುಬಿಡುತ್ತಾರೆ. ಅವರನ್ನು ಯಾರೂ ಅಟ್ಟುತ್ತಿಲ್ಲವೆಂದು ಹೇಳುವಂತಿಲ್ಲ. ಮನೆಯ ಸಾಲ, ಮಳೆ ಬಾರದ ಹೊಲ, ಮುಗಿಯುತ್ತಿರುವ ವಯಸ್ಸಿನ ಮಿತಿ, ಎಲ್ಲವೂ ಬೆನ್ನ ಹಿಂದೆಯೇ ಇವೆ.

ಹೀಗೆ ಓಡುತ್ತಿದ್ದವರಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು. ನನ್ನಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಈಗ ದಿನವೂ ಬಸ್ಸಿನಲ್ಲಿ ಕುಣಿಗಲಿಗೆ ಹೋಗಿ ಪದವಿ ತರಗತಿಯಲ್ಲಿ ಓದುತ್ತಾಳೆ. ನಾನೂರು ಮೀಟರನ್ನು ಅವಳು ನೂರು ಸೆಕೆಂಡಿನೊಳಗೆ ಮುಗಿಸುತ್ತಿದ್ದಳು. ಕಾರ್ತಿಕದ ಒಂದು ಬೆಳಿಗ್ಗೆ ನನ್ನನ್ನು ತಡೆದು ಕೇಳಿದಳು:

‘ಸಾರ್, ನೀವು ಕಗ್ಗೆರೆವರೆಗೂ ಓಡಿ ಬರ್ತೀರಂತೆ. ನಾನೂ ಬರಬೋದಾ?’

‘ನಿನಗೆ ಬೇಕಾದ್ದು ನಾನೂರು ಮೀಟರಲ್ಲವೇನಮ್ಮ?’

‘ಅದು ಕೆಲಸಕ್ಕೆ ಸಾರ್.’

ಈ ಉತ್ತರಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಅವಳ ತಾಯಿಯ ಬಳಿಗೆ ಹೋದೆ. ಆಕೆ ಎರಡು ಪ್ರಶ್ನೆ ಕೇಳಿದರು. ‘ಕೆಲ್ಸಕ್ಕೆ ನಾನೂರು ಮೀಟ್ರು ಸಾಕಂತಲ್ಲ ಮೇಷ್ಟ್ರೇ, ಮಿಕ್ಕಿದ್ದು ಯಾತಕ್ಕೆ? ಕತ್ಲಲ್ಲಿ ವಯಸ್ಸಿಗೆ ಬಂದ ಹುಡುಗಿ ರಸ್ತೆ ಮೇಲೆ ಓಡ್ತಿದ್ರೆ ನೋಡ್ದೋರು ಏನಂತಾರೆ?’

ಮೊದಲನೆಯದಕ್ಕೆ ಉತ್ತರವುಂಟು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬಾತ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದವನು. ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಹತ್ತಿರದ ದೂರಕ್ಕೆ ಬೇಕಾದ ಬಲವೂ ದೂರದ ನಿಧಾನದ ಓಟದಲ್ಲಿ ಹುಟ್ಟುತ್ತದೆಂದು ಕಂಡುಕೊಂಡ. ಎಂಟುನೂರು ಮೀಟರು ಓಡುವ ಪೀಟರ್ ಸ್ನೆಲ್‌ನನ್ನು ಅವನು ವಾರಕ್ಕೆ ನೂರು ಮೈಲಿಯವರೆಗೆ ಗುಡ್ಡಗಳ ಮೇಲೆ ಓಡಿಸಿದ. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ ಚಿನ್ನ ಗೆದ್ದಾಗ ಜನ ಬೆರಗಾದರು. ಅದರ ಮರ್ಮ ಸರಳ. ನಿಧಾನವಾಗಿ ಬಹಳ ಹೊತ್ತು ಓಡುವುದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳುಹಿಸುವುದನ್ನು ಕಲಿಯುತ್ತದೆ. ಮಾಂಸಖಂಡಗಳಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಜೀವಕೋಶದೊಳಗೆ ಶಕ್ತಿ ಹುಟ್ಟಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಆ ತಾಯಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಬಾವಿ ಆಳವಾದಷ್ಟೂ ಬೇಸಗೆಗೆ ನೀರು ನಿಲ್ಲುತ್ತದೆಂದೆ. ಒಪ್ಪಿದರು.

ಎರಡನೆಯ ಪ್ರಶ್ನೆ ಯಡಿಯೂರಿನದು ಮಾತ್ರವಲ್ಲ. ೧೯೨೮ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಂಗಸರು ಎಂಟುನೂರು ಮೀಟರು ಓಡಿ ಮುಗಿಸಿ ಕೆಲವರು ದಣಿದು ಕುಳಿತರೆಂಬುದನ್ನೇ ದೊಡ್ಡದು ಮಾಡಿ, ಆ ಓಟವನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಅದು ಮರಳಿದ್ದು ೧೯೬೦ರಲ್ಲಿ. ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ದೊರೆತದ್ದು ೧೯೮೪ರಲ್ಲಿ, ಲಾಸ್ ಏಂಜಲೀಸಿನಲ್ಲಿ. ನೋಡಿದವರು ಏನನ್ನುತ್ತಾರೆ ಎಂಬ ಪ್ರಶ್ನೆಯನ್ನು ಜಗತ್ತೇ ಅಷ್ಟು ವರ್ಷ ಎದುರಿಗಿಟ್ಟುಕೊಂಡು ಕುಳಿತಿತ್ತು. ಇಲ್ಲಿ ಅದು ಒಂದೇ ಸಂಜೆಯಲ್ಲಿ ಬಗೆಹರಿಯಿತು. ಏಳನೆಯ ತರಗತಿಯ ತಮ್ಮನು ಸೈಕಲ್ಲಿನ ಮೇಲೆ ನೀರಿನ ಬಾಟಲಿ ಕಟ್ಟಿಕೊಂಡು ಅಕ್ಕನ ಜೊತೆಗೆ ಬರತಕ್ಕದ್ದು. ಟಾರ್ಚು ಅವನ ಕೈಯಲ್ಲಿರತಕ್ಕದ್ದು. ಷರತ್ತು ತಾಯಿಯದು.

ಶಿವರಾತ್ರಿಗೆ ಹದಿನಾರು ವಾರಗಳಿದ್ದವು. ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ನಾಲ್ಕೈದು ಕಿಲೋಮೀಟರು, ಭಾನುವಾರ ಉದ್ದನೆಯದು. ಭಾನುವಾರದ ದೂರ ಆರರಿಂದ ಹೊರಟು ಮೂರು ವಾರ ಒಂದಿಷ್ಟಿಷ್ಟೇ ಏರುವುದು, ನಾಲ್ಕನೆಯ ವಾರ ಇಳಿಯುವುದು. ಈ ಇಳಿತವನ್ನು ಹೊಸಬರು ಸೋಮಾರಿತನವೆಂದು ಬಗೆಯುತ್ತಾರೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು ಮತ್ತು ಸ್ನಾಯುರಜ್ಜುಗಳು ಹಳೆಯ ಕಾಲದ ಗುಮಾಸ್ತರಂತೆ, ಅವುಗಳ ಕಡತ ನಿಧಾನವಾಗಿಯೇ ಚಲಿಸಬೇಕು. ಅವಸರಪಡಿಸಿದವರಿಗೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಹಿಡಿದು ತಿಂಗಳುಗಟ್ಟಲೆ ಕೂರಿಸುತ್ತದೆ.

ವೇಗ ಸರಿಯಾಗಿದೆಯೇ ಎಂದು ತಿಳಿಯುವ ಬಗೆಯೊಂದುಂಟು. ಓಡುವಾಗ ಪೂರ್ಣವಾಕ್ಯದಲ್ಲಿ ಮಾತನಾಡಲು ಬಂದರೆ ಸರಿ. ಬಾರದಿದ್ದರೆ ವೇಗ ಹೆಚ್ಚಾಯಿತು. ಅವಳಿಗೆ ಲಿಖಿತ ಪರೀಕ್ಷೆಯೂ ಇದ್ದುದರಿಂದ ನಾನು ದಾರಿಯುದ್ದಕ್ಕೂ ಪ್ರಶ್ನೆ ಕೇಳತೊಡಗಿದೆ. ಮಾರ್ಕೋನಹಳ್ಳಿಯ ಕಡೆ ಓಡುವಾಗ, ಆ ಅಣೆಕಟ್ಟು ಯಾವ ನದಿಗೆ? ‘ಶಿಂಷಾ ನದಿಗೆ ಸಾರ್, ನೀರು ಮಟ್ಟ ಮೀರಿದರೆ ತಾನಾಗಿಯೇ ಹೊರಹರಿಸುವ ಸೈಫನ್ ಅಲ್ಲಿದೆ ಸಾರ್.’ ವೇಗ ಸರಿಯಾಗಿದೆ. ಮೈಸೂರು ಅಂಚೆ ಯಾರ ಕಾಲದ್ದು? ದಿಬ್ಬದ ಮೇಲೆ ಉತ್ತರ ‘ಚಿಕ್ಕದೇವ...’ ಎಂಬಲ್ಲಿಗೆ ತುಂಡಾಗುತ್ತಿತ್ತು. ಹೆಜ್ಜೆ ಕಿರಿದು ಮಾಡುತ್ತಿದ್ದೆವು. ಒಲಿಂಪಿಕ್ ಮ್ಯಾರಥಾನ್ ಓಡಿದ ಕರ್ನಾಟಕದ ಮೊದಲಿಗ ಯಾರೆಂದು ಒಮ್ಮೆ ಅವಳೇ ನನ್ನನ್ನು ಕೇಳಿದಳು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯಗಳಲ್ಲಿ ಬರಿಗಾಲ ಹಳ್ಳಿಗರು ದೂರದ ಓಟ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಅವರ ಮನಸ್ಸಿನಲ್ಲಿ ಮೊಳೆತ ಯೋಚನೆಯೇ ೧೯೨೦ರಲ್ಲಿ ಭಾರತದ ತಂಡವಾಗಿ ಆಂಟ್‌ವರ್ಪಿಗೆ ಹೋಯಿತು. ಅಲ್ಲಿ ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡಿನಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಅಳತೆ ಇನ್ನೂ ಕಟ್ಟುನಿಟ್ಟಾಗದ ಕಾಲ. ಆ ಸಲದ ದೂರ ೪೨.೭೫ ಕಿಲೋಮೀಟರು, ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್. ‘ಹಾಗಿದ್ರೆ ಇಷ್ಟು ವರ್ಷ ಓದಿದ್ರೂ ಆ ಹೆಸ್ರು ನಮ್ಗೆ ಯಾಕೆ ಸಿಗಲಿಲ್ಲ ಸಾರ್?’ ಎಂದಳು. ಆ ವಾಕ್ಯವೂ ಪೂರ್ಣವಾಗಿಯೇ ಇತ್ತು.

ಆಹಾರದ ವಿಷಯದಲ್ಲಿ ಪಟ್ಟಣದವರ ಪುಡಿ, ಪಾನಕಗಳ ಗೊಡವೆಗೆ ನಾವು ಹೋಗಲಿಲ್ಲ. ಶನಿವಾರ ರಾತ್ರಿ ರಾಗಿಮುದ್ದೆ, ಸೊಪ್ಪಿನ ಸಾರು. ಬೆಳಿಗ್ಗೆ ಒಂದು ಬಾಳೆಹಣ್ಣು. ದೇಹವು ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಪಿಷ್ಟದ ಗಂಟು ಎರಡು ಗಂಟೆಯ ಸಾವಧಾನದ ಓಟಕ್ಕೆ ಹೆಚ್ಚುಕಡಮೆ ಸಾಕು. ಪೂರ್ಣ ಮ್ಯಾರಥಾನಿನಲ್ಲಿ ಮೂವತ್ತು ಕಿಲೋಮೀಟರಿನ ಸುಮಾರಿಗೆ ಓಟಗಾರರು ಗೋಡೆಗೆ ತಾಗಿದವರಂತೆ ನಿಲ್ಲುವುದು ಆ ಗಂಟು ಬರಿದಾದಾಗ. ಅರ್ಧದವರಿಗೆ ಆ ಗೋಡೆ ಸಿಗುವುದಿಲ್ಲ. ಅಷ್ಟರ ಮಟ್ಟಿಗೆ ಇದು ಸಂಸಾರಸ್ಥರ ಓಟ.

ಶಿವರಾತ್ರಿಗೆ ಮುಂಚಿನ ದಿನಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಆಗ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು ತಂಡತಂಡವಾಗಿ ಈ ಹೆದ್ದಾರಿಯಲ್ಲೇ ನಡೆಯುತ್ತಾರೆ. ರಸ್ತೆಯಂಚಿನಲ್ಲಿ ಕತ್ತಲೆಯಲ್ಲೂ ಮನುಷ್ಯರಿರುತ್ತಾರೆ. ಊರೂರಿನವರು ಮಜ್ಜಿಗೆ, ಹಣ್ಣು ಹಿಡಿದು ನಿಂತಿರುತ್ತಾರೆ. ಆ ಭಾನುವಾರ ಐದೂಕಾಲಕ್ಕೆ ಕೆರೆಯ ಏರಿಯಿಂದ ಹೊರಟೆವು. ಪೇಟೆ ದಾಟಿದ ಮೇಲೆ ದಾರಿ ಪಡುವಣಕ್ಕೆ. ಮೊದಲ ಗಂಟೆ ಟಾರ್ಚಿನ ಬೆಳಕು, ಲಾರಿಗಳ ಗಾಳಿ, ಮುಂದೆ ನಡೆಯುವವರ ಚಪ್ಪಲಿಯ ಸದ್ದು, ಇಷ್ಟೇ. ನಿತ್ಯದಂತೆ ಪ್ರಶ್ನೆಯಿಲ್ಲ. ಆಮೇಲೆ ಬೆನ್ನ ಹಿಂದೆ ಸೂರ್ಯ ಹುಟ್ಟಿದ. ನಮ್ಮ ನೆರಳುಗಳು ನಮಗಿಂತ ಬಹುದೂರ ಮುಂದೆ ಯಡಿಯೂರಿನ ಕಡೆಗೆ ಚಾಚಿಕೊಂಡವು. ಎಷ್ಟು ಓಡಿದರೂ ಹಿಡಿಯಲಾಗದ ಆ ಉದ್ದನೆಯ ಕಾಲಿನವನನ್ನು ಕಂಡು ನನಗೆ ಸ್ವಲ್ಪ ಅಸೂಯೆಯಾಯಿತು.

ಹದಿನಾಲ್ಕನೆಯ ಕಿಲೋಮೀಟರಿನ ಬಳಿ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದ ವೃದ್ಧೆಯೊಬ್ಬರು ಕೂಗಿ ಕೇಳಿದರು: ‘ಇದ್ಯಾವ ಹರಕೆ ಕಣಪ್ಪ, ಓಡೋ ಹರಕೆ?’

‘ಹರಕೆ ಇಲ್ಲ ತಾಯಿ, ಸುಮ್ಮನೆ.’

‘ಸುಮ್ನೆ ಯಾರಾದ್ರೂ ಓಡ್ತಾರಾ?’ ಎಂದವರು, ನಗುತ್ತ, ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಹುಡುಗಿಯ ಕೈಗಿಟ್ಟರು. ‘ಹೋಗವ್ವ, ಹೋಗು. ಮುಂದೆ ಹೋಗು.’

ಅವಳು ಹೋದಳು. ನಾನು ಕೈಸನ್ನೆ ಮಾಡಿ ತಮ್ಮನನ್ನೂ ಅವಳ ಹಿಂದೆ ಕಳುಹಿಸಿದೆ. ಹದಿನೆಂಟರ ಮೇಲೆ ನಾವಿಬ್ಬರೂ ಎಂದೂ ಓಡಿದವರಲ್ಲ. ಕೊನೆಯ ಮೂರು ಕಿಲೋಮೀಟರನ್ನು ಈ ದಿನಕ್ಕೆಂದೇ ಬಿಟ್ಟಿದ್ದೆವು. ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ತೊಡೆಗಳು ಮರದ ಕೊರಡಾದವು. ಮೈಲಿಗಲ್ಲುಗಳನ್ನು ನೋಡುವುದನ್ನು ಬಿಟ್ಟು, ಮುಂದಿನ ಪಾದಯಾತ್ರಿಯ ಚೀಲವನ್ನು ಗುರಿಯಾಗಿಟ್ಟುಕೊಂಡು, ಅದನ್ನು ದಾಟಿದ ಮೇಲೆ ಇನ್ನೊಂದು ಚೀಲವನ್ನು ಹುಡುಕಿಕೊಂಡೆ. ಹಾಲಿನ ಡೈರಿಯವರು ಅಂದು ಏನೂ ಕೇಳಲಿಲ್ಲ.

ದೇವಾಲಯದ ಬೀದಿಗೆ ನಾನು ಬಂದಾಗ ೨ ಗಂಟೆ ೩೪ ನಿಮಿಷವಾಗಿತ್ತು. ಅವಳು ಹನ್ನೊಂದು ನಿಮಿಷ ಮೊದಲೇ ಬಂದು ಜಗುಲಿಯ ಮೇಲೆ ಕಾಲು ನೀಡಿ ಕುಳಿತಿದ್ದಳು. ತಾಯಿ ಸ್ಟೀಲಿನ ಚೊಂಬಿನಲ್ಲಿ ರಾಗಿ ಅಂಬಲಿ ತಂದಿದ್ದರು. ತಮ್ಮ ಸೈಕಲ್ಲನ್ನು ಗೋಡೆಗೊರಗಿಸಿ, ಇದ್ದಿಲ ಚೂರಿನಿಂದ ಜಗುಲಿಯ ಕಲ್ಲಿನ ಮೇಲೆ ಭಾಗಾಕಾರ ಮಾಡುತ್ತಿದ್ದ.

‘ಅಮ್ಮ, ನಿನ್ನ ನಾನೂರು ಮೀಟ್ರು ಅಕ್ಕಂಗೆ ಇವತ್ತು ಎಷ್ಟು ಸಾರಿ ಆಯ್ತು ಗೊತ್ತಾ? ಐವತ್ತೆರಡು ಮುಕ್ಕಾಲು.’

ಆಕೆ ಆ ಕಲ್ಲಿನ ಮೇಲಿನ ಲೆಕ್ಕವನ್ನು ನೋಡಿದರು, ಮಗಳ ಕಾಲುಗಳನ್ನು ನೋಡಿದರು. ‘ಮುಕ್ಕಾಲು ಯಾಕೆ, ಐವತ್ಮೂರು ಮಾಡಿ ಬರೋಕಾಗ್ಲಿಲ್ವಾ?’ ಎಂದು, ಚೊಂಬನ್ನು ಮಗಳ ಕೈಗೆ ಕೊಟ್ಟರು.